ಮಗಳ ಕಾಲು ಹಿಡಿದು ನಾನು ಕೇಳಿದ ವರ

ನಮ್ಮ ಕುಲದೇವತೆ ಅಮ್ಮನನ್ನು ನಂಬಿ ಬಾಳುವ ಬಂಧುಗಳಿಗೆಲ್ಲ ತಮಿಳುನಾಡಿನ ಕೊಂಬೈಯಿಂದ ಒಬ್ಬ ತಾಯಿಯ ನಮಸ್ಕಾರ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತೇನೆ.

ಕಳೆದ ಶಿವರಾತ್ರಿಯ ಮರುದಿನ ಬೆಳಿಗ್ಗೆ ಅಮ್ಮನ ಗುಡಿಯ ಮುಂದೆ ಪೊಂಗಲ್ ಇಟ್ಟಿದ್ದೆವು. ನನ್ನ ಒಬ್ಬಳೇ ಮಗಳು ಭವಾನಿಗೆ ಒಂಬತ್ತು ವರ್ಷ. ನಾನೂ ಜಾಗರಣೆ ಮಾಡುತ್ತೇನೆಂದು ಹಟ ಹಿಡಿದು ನಿದ್ದೆಗೆಟ್ಟಿದ್ದಳು. ಉರುಮಿ ವಾದ್ಯ ಶುರುವಾಗುತ್ತಿದ್ದಂತೆ ದಢಾರನೆ ಬಿದ್ದಳು. ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು, ಕೈಕಾಲು ಅದುರುತ್ತಿತ್ತು, ಬಾಯಲ್ಲಿ ನೊರೆ.

"ಸಾಮಿ ಬಂತು! ಕೂಸಿನ ಮೇಲೆ ಅಮ್ಮ ಬಂದವ್ಳೆ!" ಎಂದು ನಮ್ಮತ್ತೆ ಕೂಗಿದರು. ಹೆಂಗಸರೆಲ್ಲ ಕೈಮುಗಿದರು. ನನಗೆ ಎಂಥ ಹೆಮ್ಮೆ! ಇಷ್ಟು ಜನರ ನಡುವೆ ನನ್ನ ಹೊಟ್ಟೆಯಲ್ಲಿ ಹುಟ್ಟಿದವಳನ್ನೇ ಅಮ್ಮ ಆರಿಸಿಕೊಂಡಳಲ್ಲ! ಅರಿಶಿನ ನೀರು ಸುರಿದು, ಮಗಳ ಕಾಲು ಹಿಡಿದು, "ತಾಯೀ, ನಂಗೊಂದು ಗಂಡು ಕೂಸು ಕೊಡ್ತೀಯಾ?" ಎಂದು ಕೇಳಿದೆ. ಉತ್ತರ ಬರಲಿಲ್ಲ. ಅವಳ ಲಂಗ ಒದ್ದೆಯಾದದ್ದು ಅರಿಶಿನ ನೀರಿನಿಂದ ಎಂದುಕೊಂಡೆ.

ಮುಂದಿನ ವಾರ ಅವಳು ಶಾಲೆಯಲ್ಲಿ ಬಿದ್ದಳು. ಅಲ್ಲಿ ಉರುಮಿಯೂ ಇಲ್ಲ, ಪೂಜೆಯೂ ಇಲ್ಲ, ಗಣಿತದ ಪಾಠ. ಟೀಚರಮ್ಮ ಕಾಲಿಗೆ ಬೀಳಲಿಲ್ಲ. ಪಕ್ಕಕ್ಕೆ ಹೊರಳಿಸಿ ಮಲಗಿಸಿ ನನಗೆ ಫೋನ್ ಮಾಡಿದರು. ಉತ್ತಮಪಾಳ್ಯದಲ್ಲಿ ಬಸ್ಸು ಬದಲಿಸಿ ತೇನಿಯ ಆಸ್ಪತ್ರೆಗೆ ಹೋದೆವು. ತಲೆಗೆ ತಂತಿ ಅಂಟಿಸಿ ನೋಡಿದ ಡಾಕ್ಟರು "ವಲಿಪ್ಪು" ಎಂದರು. ಫಿಟ್ಸಿಗೆ ತಮಿಳಿನಲ್ಲಿ ಹಾಗೆ ಹೇಳುತ್ತಾರೆ. ಮಾತ್ರೆ ಒಂದು ಹೊತ್ತೂ ತಪ್ಪಬಾರದು, ನಿದ್ದೆ ಕೆಡಬಾರದು ಎಂದರು.

ವಾಪಸು ಬರುವ ಬಸ್ಸಿನಲ್ಲಿ ಒಂದೇ ಯೋಚನೆ. ಇದು ಕಾಯಿಲೆಯಾದರೆ ಅವತ್ತು ನಾನು ಕೈಮುಗಿದದ್ದು ಯಾರಿಗೆ? ಅಮ್ಮನೇ ಆದರೆ, ಮಾತ್ರೆ ಕೊಟ್ಟು ಅವಳನ್ನು ಓಡಿಸಿದಂತಾಗುವುದಿಲ್ಲವೆ? ಅತ್ತ ದರಿ, ಇತ್ತ ಪುಲಿ. ಮನೆಯಲ್ಲಿ ಅತ್ತೆ, "ಸಾಮಿಗೆ ಮಾತ್ರೆ ಕೊಡ್ತಾರೇನೇ, ಮನೆಹಾಳಿ?" ಎಂದರು. ಗಂಡ ಎಂದಿನಂತೆ ದ್ರಾಕ್ಷಿ ತೋಟಕ್ಕೆ ಔಷಧಿ ಹೊಡೆಯಲು ಹೋದರು. ಅತ್ತೆಯ ಮೇಲೆ ತಪ್ಪು ಹಾಕುವುದಿಲ್ಲ. ಮಾತ್ರೆಯನ್ನು ಸಾಸಿವೆ ಡಬ್ಬದ ಹಿಂದೆ ಇಟ್ಟು ಸುಮ್ಮನಾದವಳು ನಾನೇ.

ನಾಲ್ಕನೇ ದಿನ ಭವಾನಿ ಹೊಸ್ತಿಲ ಮೇಲೆ ಬಿದ್ದು ನಾಲಿಗೆ ಕಚ್ಚಿಕೊಂಡಳು. ಬಾಯಿಂದ ಬಂದ ರಕ್ತವನ್ನು ಸೆರಗಿನಿಂದ ಒರೆಸಿದೆ. ಅವಳು ಎದ್ದು ಕೂತ ಮೇಲೆ ಸೊಂಟಕ್ಕೇರಿಸಿಕೊಂಡು ಗುಡಿಗೆ ಓಡಿದೆ. "ನೀನೋ, ಕಾಯಿಲೆಯೋ, ಒಂದೇ ಒಂದು ಮಾತು ಹೇಳು! ನಂಗೆ ಗೊತ್ತಾಯ್ತಿಲ್ಲ!" ಎಂದು ಅಮ್ಮನನ್ನು ಬೈಯುತ್ತ ಅಳತೊಡಗಿದೆ.

ಮುದ್ದಯ್ಯ ಮಾಮ ಗುಡಿ ಗುಡಿಸುತ್ತಿದ್ದರು. ಪ್ರತಿ ಪೂಜೆಯಲ್ಲೂ ಅಮ್ಮ ಬರುವುದು ಅವರ ಮೈಮೇಲೆಯೇ. ಪೊರಕೆ ಕೆಳಗಿಟ್ಟು ನನ್ನ ಮುಂದೆ ಕೂತರು. ಸೊಂಟದ ವಿಭೂತಿ ಚೀಲದಿಂದ ಒಂದು ಮಾತ್ರೆ ಪಟ್ಟಿ ತೆಗೆದು ತೋರಿಸಿದರು. ಭವಾನಿಗೆ ಕೊಟ್ಟಿದ್ದ ಅದೇ ಮಾತ್ರೆ!

"ನಂಗೂ ಅದೇ ವಲಿಪ್ಪು, ತಾಯಿ. ಎರಡೂ ನಂಗೆ ಗೊತ್ತು. ಅವ್ಳು ಬಂದ್ರೆ ಮೈ ಜುಮ್ ಅಂತದೆ, ಉರುಮಿ ಕೇಳ್ತದೆ, ನೀವು ಕೇಳಿದ್ಕೆ ಬದ್ಲು ಹೇಳ್ತೀನಿ. ಇದು ಬಂದ್ರೆ ಏನೂ ತಿಳಿಯಾಕಿಲ್ಲ. ಎದ್ಮ್ಯಾಲೆ ನಾಲ್ಗೆ ಕಚ್ಕೊಂಡಿರ್ತದೆ, ಅಷ್ಟೇಯ."

"ಮಾತ್ರೆ ತಿಂದ್ರೆ ಅಮ್ಮ ಬರ್ದೆ ಹೋಗಲ್ವಾ, ಮಾಮ?"

"ಇಪ್ಪತ್ತು ವರ್ಸದಿಂದ ತಿಂತಾ ಇವ್ನಿ. ಅವ್ಳು ಬರೋದ ಬಿಟ್ಟವ್ಳಾ?"

ನಾನು ಬೇಡಿದ ಒಂದು ಮಾತು ಅದೇ. ಉರುಮಿಯಿಲ್ಲದೆ, ಪೊರಕೆ ಹಿಡಿದ ಕೈಯವರ ಬಾಯಿಂದ ಬಂತು. ಮಾಮನೇ ಮನೆಗೆ ಬಂದು ಅತ್ತೆಗೂ ಹೇಳಿದರು. ಅತ್ತೆ ಎದ್ದು ಸಾಸಿವೆ ಡಬ್ಬದ ಹಿಂದಿನಿಂದ ಮಾತ್ರೆ ತಂದುಕೊಟ್ಟರು. ಅದು ಅಲ್ಲಿದೆಯೆಂದು ಅವರಿಗೆ ಮೊದಲೇ ಗೊತ್ತಿತ್ತು!

ಇದನ್ನು ಬರೆಯಲೇ ಎಂದು ಮಾಮನನ್ನು ಕೇಳಿದೆ. "ಬರಿ, ಹೆಸರೂ ಹಾಕು. ಇನ್ನೊಂದು ಕೂಸು ಬಿದ್ದಾಗ ಯಾರೂ ಕಾಲು ಹಿಡಿಬಾರ್ದು, ತಲೆ ಹಿಡೀಲಿ" ಎಂದರು. ಈಗ ಐದು ತಿಂಗಳಾಯಿತು, ಮಗಳು ಬಿದ್ದಿಲ್ಲ. ಮಾತ್ರೆಯಿಂದಲೋ ಅಮ್ಮನಿಂದಲೋ ಎಂದು ನನ್ನನ್ನು ಕೇಳಬೇಡಿ. ನನಗೆ ಇಂದಿಗೂ ಬಿಡಿಸಿ ಹೇಳಲು ಬರುವುದಿಲ್ಲ.

ಮೊನ್ನೆ ಭವಾನಿ ಕೇಳಿದಳು, "ಅವತ್ತು ನನ್ ಕಾಲಿಗೆ ಬಿದ್ಯಂತೆ, ಏನಮ್ಮ ಕೇಳ್ದೆ?"

ಉಸಿರಿಗೆ ಒದ್ದಾಡುತ್ತಿದ್ದ ಮಗಳ ಹತ್ತಿರ ಗಂಡು ಮಗು ಕೇಳಿದೆ ಎಂದು ಹೇಗೆ ಹೇಳಲಿ? "ನೀನು ಚೆನ್ನಾಗಿರ್ಬೇಕು ಅಂತ ಕೇಳ್ದೆ, ಕಂದ" ಎಂದೆ. ಅಮ್ಮ ಆ ಸುಳ್ಳನ್ನು ಮನ್ನಿಸಲಿ. ಬೆಳಿಗ್ಗೆ, ಸಂಜೆ ದೀಪ ಹಚ್ಚಿ ಮಾತ್ರೆ ಕೊಡುತ್ತೇನೆ. ನುಂಗಿ, ಆ ಎಂದು ಬಾಯಿ ತೆರೆದು ತೋರಿಸುತ್ತಾಳೆ. ಆ ಖಾಲಿ ಬಾಯಿ ನೋಡಿ ಕೈಮುಗಿಯುತ್ತೇನೆ. ಏನನ್ನೂ ಕೇಳುವುದಿಲ್ಲ.