ಸೋಮವಾರ ನೊಗ ಹೂಡದ ಮನೆ

ಒಡ್ಡನ್‌ಛತ್ರದ ತರಕಾರಿ ಮಂಡಿಯ ಹತ್ತಿರ ದಿನವೂ ಸಂಜೆ ನಾನು ಬಸ್ಸು ಬದಲಾಯಿಸುತ್ತೇನೆ. ಬೆಳಗಿನಿಂದ ಶಾಲೆಯ ಮೈದಾನದಲ್ಲಿ ಸೀಟಿ ಊದಿ ಬಾಯಿ ಒಣಗಿರುತ್ತದೆ, ಎಡಗಾಲು ತನ್ನ ಪಾಡಿಗೆ ತಾನು ಗೊಣಗುತ್ತಿರುತ್ತದೆ, ಟೊಮೆಟೊ ಹೇರಿದ ಲಾರಿಗಳು ದಾಟಲು ದಾರಿ ಬಿಡುವುದಿಲ್ಲ. ಆ ಹೊತ್ತಿಗೆ ಯಾವ ನೆನಪೂ ಬೇಡವಾಗಿರುತ್ತದೆ, ಕೂರಲು ಒಂದು ಸೀಟು ಸಿಕ್ಕರೆ ಸಾಕು ಅನ್ನಿಸುತ್ತದೆ. ಕಳೆದ ವಾರ ದನದ ಮೇವಿನ ಅಂಗಡಿಯ ಮುಂದೆ ಹತ್ತಿಬೀಜದ ಚೀಲವೊಂದು ಮಳೆಗೆ ನೆನೆದು ಒಡೆದಿತ್ತು. ಎಣ್ಣೆಯ ಜಿಡ್ಡು, ಅದರ ಜೊತೆಗೆ ಹಾಲು ಒಡೆದಂಥ ಸಣ್ಣ ಹುಳಿ. ನಿಮಗೂ ಇಂಥದ್ದೊಂದು ವಾಸನೆ ಇರಬಹುದು, ಎಲ್ಲೋ ಹೋಗುತ್ತಿದ್ದವರನ್ನು ರಟ್ಟೆ ಹಿಡಿದು ನಿಲ್ಲಿಸುವಂಥದ್ದು. ನನ್ನ ಬಸ್ಸು ಬಂತು, ಹೊರಟೂ ಹೋಯಿತು. ನಾನು ಅಲ್ಲೇ ನಿಂತಿದ್ದೆ.

ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದುದೇ ಆ ವಾಸನೆಯಿಂದ. ರಾತ್ರಿ ನೆನೆಹಾಕಿದ ಹತ್ತಿಬೀಜವನ್ನು ಎತ್ತುಗಳಿಗೆಂದು ದೊಡ್ಡವ್ವ ಒರಳಲ್ಲಿ ರುಬ್ಬುತ್ತಿದ್ದಳು, ಬಿಳಿ ಹಾಲು ಒರಳಿನ ಅಂಚಿಗೆ ಬಂದು ನಿಲ್ಲುತ್ತಿತ್ತು. ಬೋಡಿನಾಯಕನೂರಿನಿಂದ ಕೇರಳದ ಏಲಕ್ಕಿ ತೋಟಗಳಿಗೆ ಹತ್ತುವ ರಸ್ತೆಯ ಬುಡದಲ್ಲೇ ಇತ್ತು ಮನೆ. ಮುಂದೆ ಎತ್ತಿನ ಕೊಟ್ಟಿಗೆ, ಹಿಂದೆ ನಾವು. ಗಾಳಿ ಬೆಳಕು ಎಲ್ಲ ಎತ್ತುಗಳಿಗೆ, ಹೊಗೆ ನಮಗೆ. ಅಣ್ಣ ತಮ್ಮ ಇಬ್ಬರ ಸಂಸಾರ. ಅಣ್ಣ ನಮ್ಮ ದೊಡ್ಡಯ್ಯ, ತಮ್ಮ ನಮ್ಮಪ್ಪ. ಅಪ್ಪ ದ್ರಾಕ್ಷಿ ತೋಟ ನೋಡಿಕೊಳ್ಳುತ್ತಿದ್ದ, ದೊಡ್ಡಯ್ಯ ಎತ್ತುಗಳನ್ನು. ಹೊಸ್ತಿಲಾಚೆ ತಮಿಳು, ಹೊಸ್ತಿಲೊಳಗೆ ನಮ್ಮ ಮಾತು. ಎಷ್ಟೋ ತಲೆಮಾರಿನ ಹಿಂದೆ ಹಿರಿಯರು ತಂದು, ಬೇರೆ ಕನ್ನಡದ ಸಹವಾಸವೇ ಇಲ್ಲದೆ ಅಡುಗೆಮನೆಯಲ್ಲೂ ಕೊಟ್ಟಿಗೆಯಲ್ಲೂ ಉಳಿಸಿಕೊಂಡಿದ್ದ ಮಾತು. ಅದಕ್ಕೆ ಅಕ್ಷರವಿದೆ ಎಂದು ನನಗೆ ಗೊತ್ತಾದದ್ದೇ ಹೊಸೂರಿನ ಶಾಲೆಗೆ ವರ್ಗವಾಗಿ ಹೋದ ಮೇಲೆ, ಮೂವತ್ತು ದಾಟಿದ ವಯಸ್ಸಿನಲ್ಲಿ. ಈಗ ಇದನ್ನು ಬರೆಯುತ್ತಿರುವುದು ಹಾಗೆ ಕಲಿತ ಅಕ್ಷರದಲ್ಲಿ.

ದೊಡ್ಡಯ್ಯನ ಎತ್ತುಗಳು ಹೊಲ ಉಳುವ ಎತ್ತುಗಳಲ್ಲ. ರೇಕ್ಲಾ ಓಟದವು. ರೇಕ್ಲಾ ಎಂದರೆ ಹಗುರವಾದ ಪುಟ್ಟ ಗಾಡಿ, ಅದಕ್ಕೆ ಜೋಡಿ ಎತ್ತು, ಉದ್ದನೆಯ ರಸ್ತೆ, ಎರಡೂ ಕಡೆ ಗಂಟಲು ಹರಿದುಕೊಳ್ಳುವ ಜನ. ಕಂಬಂ ಕಣಿವೆಯಲ್ಲಿ ಕೆಂಚ, ಮಲ್ಲ ಎಂಬ ಆ ಜೋಡಿಯನ್ನು ತಿಳಿಯದವರು ಕಡಿಮೆ. ಗಾಡಿ ಕಟ್ಟಿದ ಕೂಡಲೇ ಓಡಿಸುವವರನ್ನು ಕಂಡರೆ ದೊಡ್ಡಯ್ಯನಿಗೆ ಆಗುತ್ತಿರಲಿಲ್ಲ. ಮೊದಲು ಊರಾಚೆಯ ಹುಣಸೆಮರದವರೆಗೆ ಬರೀ ನಡಿಗೆ. ಆಮೇಲೆ ಕುಲುಕು ಓಟ. ಮೈ ಬಿಸಿಯಾಗಿ ಕೂದಲು ಹೊಳೆಯತೊಡಗಿದ ಮೇಲೆ ನಿಜವಾದ ಓಟ, ಅದೂ ಸ್ವಲ್ಪವೇ. ಮುಗಿದ ಮೇಲೆ ಮತ್ತೆ ನಡಿಗೆ, ಏದುಸಿರು ಇಳಿಯುವವರೆಗೆ. ನಂತರ ಹುಲ್ಲಿನ ಸಿವುಡಿನಿಂದ ಮೈ ಉಜ್ಜಬೇಕು, ಗೊರಸು ಒಂದೊಂದನ್ನೂ ಎತ್ತಿ ನೋಡಬೇಕು. ಒಂದು ವಾರ ಓಡಿದ್ದಕ್ಕಿಂತ ಮುಂದಿನ ವಾರ ಕೂಗಳತೆಯಷ್ಟು ಮಾತ್ರ ಹೆಚ್ಚು. "ಇನ್ನೂ ಓಡ್ತೀನಿ ಅಂತೈತೆ ನೋಡು, ಅಷ್ಟೊತ್ತಿಗೇ ನಿಲ್ಸಿಬುಡಬೇಕು" ಅನ್ನುತ್ತಿದ್ದರು. ಸೋಮವಾರ ಮಾತ್ರ ಯಾವ ಎತ್ತಿನ ಕತ್ತಿಗೂ ನೊಗ ಇಲ್ಲ. ಅದು ನಮ್ಮವರು ಹಳೆಯ ಸೀಮೆಯಿಂದ ತಂದ ಪದ್ಧತಿ, ಸುತ್ತಲಿನ ತಮಿಳರಿಗೆ ಅದರ ಗೋಜಿಲ್ಲ. ಸೋಂಬೇರಿಗಳು ಎಂದು ನಮ್ಮನ್ನು ಆಡಿಕೊಳ್ಳುತ್ತಿದ್ದರು. ದೊಡ್ಡಯ್ಯ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಸೋಮವಾರ ಎತ್ತು ತೊಳೆದು, ಕಾಲಿಗೆ ಬೇವಿನೆಣ್ಣೆ ತಿಕ್ಕಿ, ಅವುಗಳ ಪಕ್ಕದಲ್ಲೇ ಕಲ್ಲಿನ ಮೇಲೆ ಕೂತು ಎಲೆ ಅಡಿಕೆ ಮೆಲ್ಲುತ್ತಿದ್ದರು.

ನಾನು ಓಡುತ್ತೇನೆ ಎಂದು ಮೊದಲು ಕಂಡುಕೊಂಡವರೂ ಅವರೇ. ಹಗ್ಗ ಕಿತ್ತುಕೊಂಡ ಕರುವನ್ನು ನಾನು ತೋಟದ ತುದಿಯವರೆಗೆ ಅಟ್ಟಿಸಿಕೊಂಡು ಹೋಗಿ ಹಿಡಿದು ತಂದಿದ್ದೆ. ನನಗಾಗ ಹನ್ನೊಂದು ಇರಬೇಕು. ಮರುದಿನ ನಸುಕಿನಲ್ಲೇ ಎಬ್ಬಿಸಿದರು. ಎತ್ತುಗಳ ಹಿಂದೆ ನಾನು: ಹುಣಸೆಮರದವರೆಗೆ ನಡಿಗೆ, ಕುಲುಕು ಓಟ, ಹೊಳೆಯ ಮರಳಲ್ಲಿ ಮೂರು ಸಲ ಜೋರು ಓಟ, ನಡುನಡುವೆ ಉಸಿರಾಡಲು ಬಿಡುವು, ಆಮೇಲೆ ನಡೆದುಕೊಂಡೇ ಮನೆಗೆ. ನಾಲ್ಕನೆಯ ಸಲ ಓಡುತ್ತೇನೆಂದು ನಾನು ಹಟ ಹಿಡಿದರೆ ಅವರು ಎತ್ತುಗಳನ್ನು ತಿರುಗಿಸಿಕೊಂಡು ಹೊರಟೇ ಬಿಡುತ್ತಿದ್ದರು. ಮನೆಗೆ ಬಂದರೆ ಬಿಸಿ ಹಿಟ್ಟು, ಅಂದರೆ ರಾಗಿಮುದ್ದೆ, ಕೀರೆಸೊಪ್ಪಿನ ಸಾರು. ನಾನು ಅಂಗಾಲು ಚಾಚಿ ಕೂತರೆ ಗೊರಸು ನೋಡುವ ಕಣ್ಣಲ್ಲೇ ದೊಡ್ಡಯ್ಯ ನೋಡುತ್ತಿದ್ದರು. ದೊಡ್ಡವ್ವ ಒಲೆಯ ಮುಂದಿನಿಂದಲೇ ಕೂಗುತ್ತಿದ್ದಳು: "ಎತ್ತಿಗೆ ಮಾಡಿದಂಗೇ ಹೆಣ್ಣುಮಗೀಗೂ ಮಾಡ್ತಾರಲ್ಲ! ನಾಳೆ ಮೂಗುದಾರಾನೂ ಹಾಕ್ತಾರೆ ಇರು, ಪಾಪಾ." ಪಾಪಾ ಎಂದರೆ ಮಗು, ಮನೆಯಲ್ಲಿ ನನ್ನನ್ನು ಕರೆಯುತ್ತಿದ್ದುದೇ ಹಾಗೆ. ಸೋಮವಾರ ನನಗೂ ರಜೆ. ಮೂರು ವರ್ಷ ಹೀಗೇ ಓಡಿದೆ. ಒಂದು ದಿನವೂ ಕಾಲು ನೋಯಲಿಲ್ಲ, ಒಂದು ಪಂದ್ಯವನ್ನೂ ಸೋಲಲಿಲ್ಲ. ಆ ಮೂರು ವರ್ಷದಷ್ಟು ಹಗುರವಾಗಿ ನಾನು ಮತ್ತೆಂದೂ ಬದುಕಲಿಲ್ಲ.

ಒಂಬತ್ತನೆಯ ತರಗತಿಯಲ್ಲಿದ್ದಾಗ ನಮ್ಮ ಶಾಲೆಗೆ ಹೊಸ ಪಿ.ಟಿ. ಮಾಸ್ತರು ಬಂದರು. ಕೆಟ್ಟವರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ತಮಗೆ ಯಾರೋ ಕಲಿಸಿದ್ದನ್ನೇ ನಮಗೂ ಕಲಿಸಿದರು, ಅಷ್ಟೆ. ಕತ್ತಿನಲ್ಲಿ ಸೀಟಿ, ಕೈಯಲ್ಲಿ ಸ್ಟಾಪ್‌ವಾಚು, ಕಂಕುಳಲ್ಲಿ ಅಚ್ಚುಹಾಕಿದ ದಪ್ಪ ಪುಸ್ತಕ. ಒಂದು ಸಂಜೆ ಮನೆಗೇ ಬಂದು ಅಪ್ಪನ ಎದುರು ಕೂತರು. ಎರಡು ತಿಂಗಳಲ್ಲಿ ದಿಂಡಿಗಲ್ಲಿನಲ್ಲಿ ಆಯ್ಕೆ ಇದೆ, ಗೆದ್ದರೆ ಕ್ರೀಡಾ ಹಾಸ್ಟೆಲಿನಲ್ಲಿ ಸೀಟು, ಮುಂದೆ ಸರ್ಕಾರಿ ಕೆಲಸ ಎಂದರು. ಇನ್ನು ಮೇಲೆ ಬೆಳಗ್ಗೆ ಸಂಜೆ ಎರಡು ಹೊತ್ತೂ ಓಟ, ವಾರವಿಡೀ, ಟಾರು ರಸ್ತೆಯ ಮೇಲೆ. ಅಪ್ಪನ ಮುಖ ಅರಳಿತು. ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದ ದೊಡ್ಡಯ್ಯ, ಸೋಮವಾರ ಒಂದು ದಿನ ಬಿಡಬಹುದಲ್ಲ ಸಾರ್ ಎಂದು ತಮಿಳಿನಲ್ಲಿ ಕೇಳಿದರು. ಮಾಸ್ತರು ಮರ್ಯಾದೆಯಿಂದಲೇ ನಕ್ಕರು. "ಪೊಣ್ಣು ಮಾಡು ಇಲ್ಲೀಂಗ, ಅಯ್ಯಾ." ಹುಡುಗಿ ದನವಲ್ಲವಲ್ಲ ಎಂದು. ಅಪ್ಪನೂ ನಕ್ಕ. ದೊಡ್ಡಯ್ಯ "ಸರಿಂಗ ಸಾರ್" ಎಂದು ಹೇಳಿ ಒಳಗೆ ಹೋದರು. ಇಡೀ ಕಣಿವೆಯ ಗಾಡಿಯವರು ಎತ್ತು ಕುಂಟಿದರೆ ಓಡಿ ಬರುತ್ತಿದ್ದುದು ಈ ಮನುಷ್ಯನ ಹತ್ತಿರ. ಆದರೆ ಅಚ್ಚುಹಾಕಿದ ಪುಸ್ತಕದ ಮುಂದೆ ಅವರಿಗೆ ಬಾಯಿ ಬರುತ್ತಿರಲಿಲ್ಲ. ಅವರಿಗೆ ರುಜು ಹಾಕಲೂ ಬರುತ್ತಿರಲಿಲ್ಲ.

ಮೊದಲ ಮೂರು ವಾರ ನಾನು ಹಕ್ಕಿಯ ಹಾಗಿದ್ದೆ. ಹೊಸ ಬಿಳಿ ಷೂ, ಸ್ಟಾಪ್‌ವಾಚಿನಲ್ಲಿ ದಿನದಿನಕ್ಕೂ ಕಡಿಮೆಯಾಗುವ ಹೊತ್ತು. ನಾಲ್ಕನೆಯ ವಾರ ಎಡಗಾಲಿನ ಮೊಣಕಾಲ ಕೆಳಗಿನ ಎಲುಬಿನ ಮೇಲೆ ಒಂದು ಜಾಗ ನೋಯತೊಡಗಿತು. ಸಣ್ಣ ಜಾಗ, ಒಂದು ಬೆರಳಿಟ್ಟರೆ ಮುಚ್ಚುವಷ್ಟು. ಮೊದಲು ಓಡಿದ ಮೇಲೆ ನೋಯುತ್ತಿತ್ತು, ಆಮೇಲೆ ಓಡುವಾಗ, ಕೊನೆಗೆ ಸುಮ್ಮನೆ ಮಲಗಿದ್ದಾಗಲೂ. ಮಾಸ್ತರಿಗೆ ಹೇಳಿದೆ. ನೋವು ಬಂದರೆ ಕಾಲು ಗಟ್ಟಿಯಾಗುತ್ತಿದೆ ಎಂದರ್ಥ ಎಂದರು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಆಯ್ಕೆಗೆ ಮುಂಚಿನ ಸೋಮವಾರ ಬೆಳಗ್ಗೆ ಷೂ ಹಾಕಿಕೊಂಡು ಅಂಗಳ ದಾಟುತ್ತಿದ್ದೆ. ದೊಡ್ಡಯ್ಯ ಮಲ್ಲನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದವರು ತಲೆಯೆತ್ತಿ ನೋಡಿದರು. "ಪಾಪಾ, ಕಾಲು ನೋಯ್ತೈತಾ?" ಅಂದರು. ಹೌದು ಅಂದರೆ ಇವರು ನನ್ನನ್ನು ಕಟ್ಟಿಹಾಕುತ್ತಾರೆ ಎಂದು ನನಗೆ ಗೊತ್ತಿತ್ತು. ಅಪ್ಪ ಬೋಡಿಯ ಅಂಗಡಿ ಅಂಗಡಿಗೂ ಹೇಳಿಕೊಂಡು ಬಂದಿದ್ದ. ದಿಂಡಿಗಲ್ಲು ನನಗೆ ಬೇಕೇ ಬೇಕಾಗಿತ್ತು. "ಇಲ್ಲ ದೊಡ್ಡಯ್ಯಾ" ಅಂದೆ. ಅಂದು, ಅವರು ನೋಡುತ್ತಾರೆಂದು ರಸ್ತೆಯ ತಿರುವಿನವರೆಗೆ ಓಡಿಕೊಂಡೇ ಹೋದೆ.

ದಿಂಡಿಗಲ್ಲಿನ ಮೈದಾನದಲ್ಲಿ ಎರಡನೆಯ ತಿರುವಿನವರೆಗೂ ನಾನೇ ಮುಂದಿದ್ದೆ. ಅಲ್ಲಿ ಒಣ ಕಡ್ಡಿ ಮುರಿದಂಥ ಸದ್ದು ನನಗೇ ಕೇಳಿಸಿತು. ಬಿದ್ದದ್ದು ನೆನಪಿಲ್ಲ. ತಂತಿಬೇಲಿ ಹಾರಿ ಅಷ್ಟು ಜನರ ನಡುವೆ ಪಂಚೆ ಎತ್ತಿಕಟ್ಟಿ ಓಡಿ ಬರುತ್ತಿದ್ದ ದೊಡ್ಡಯ್ಯ ನೆನಪಿದ್ದಾರೆ. ನನ್ನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಗೇಟಿನವರೆಗೆ ನಡೆದರು. ಮಾಸ್ತರು ಪಕ್ಕದಲ್ಲಿ ಅಳುತ್ತಾ ಬರುತ್ತಿದ್ದರು. ಎಲುಬು ಸಣ್ಣಗೆ ಬಿರುಕು ಬಿಟ್ಟು ಬಹಳ ದಿನವಾಗಿತ್ತು, ಅವತ್ತು ಪೂರ್ತಿ ಹೋಯಿತು ಎಂದು ಡಾಕ್ಟರು ಹೇಳಿದರು. ಬಿಡುವು ಕೊಟ್ಟಿದ್ದರೆ ತಾನಾಗಿಯೇ ಕೂಡಿಕೊಳ್ಳುತ್ತಿತ್ತಂತೆ. ಮುರಿದದ್ದು ಸ್ವಲ್ಪ ಸೊಟ್ಟಗೆ ಕೂಡಿತು. ನಡೆಯಲು ಅಡ್ಡಿಯಿಲ್ಲ, ಓಟ ಮುಗಿಯಿತು. ಹದಿನಾಲ್ಕು ವರ್ಷಕ್ಕೆ ಮುಗಿದದ್ದು ಎಂದರೆ ಅದನ್ನು ಹೇಗೆ ಹೇಳಬೇಕೋ ನನಗೆ ಈಗಲೂ ತಿಳಿಯದು. ಸುಸ್ತು ಅನ್ನುವುದು ನನ್ನೊಳಗೆ ಬಂದು ಕೂತದ್ದು ಆವಾಗಲೇ, ಇನ್ನೂ ಎದ್ದು ಹೋಗಿಲ್ಲ.

ಆಮೇಲೆ ಮನೆಯೂ ಮೊದಲಿನಂತಿರಲಿಲ್ಲ. ದೊಡ್ಡಯ್ಯ ಕೆಂಚ ಮಲ್ಲರನ್ನು ಓಟಕ್ಕೆ ಕಟ್ಟುವುದನ್ನೇ ಬಿಟ್ಟರು. ಕೇಳಲು ಬಂದವರಿಗೆ ಮಾರಲೂ ಇಲ್ಲ. ಅವು ಕೊಟ್ಟಿಗೆಯಲ್ಲೇ ಮುದಿಯಾದವು. ದೊಡ್ಡವ್ವ ಹೋದಳು, ಒರಳು ಅಂಗಳದಲ್ಲಿ ಬಿಸಿಲಿಗೆ ಬಿತ್ತು. ರಸ್ತೆ ಅಗಲ ಮಾಡುವಾಗ ಮುಂದಿನ ಕೊಟ್ಟಿಗೆ ಪೂರ್ತಿ ಹೋಯಿತು. ಉಳಿದರ್ಧ ಮನೆಗೆ ಹೊಸ ಗೋಡೆ ಕಟ್ಟಿ ಅಪ್ಪ ಏಲಕ್ಕಿ ವ್ಯಾಪಾರಿಯೊಬ್ಬರಿಗೆ ಗೋದಾಮಿಗೆ ಕೊಟ್ಟ. ದೊಡ್ಡಯ್ಯನ ಮಕ್ಕಳು ಪೇಟೆಯಲ್ಲಿ ಮನೆ ಮಾಡಿದ್ದರು, ದೊಡ್ಡಯ್ಯನೂ ಅಲ್ಲಿಗೆ ಹೋದರು. ಆ ಮನೆಯ ಮೊಮ್ಮಕ್ಕಳಿಗೆ ನಮ್ಮ ಮಾತು ತಿಳಿಯುತ್ತದೆ, ಆಡಲು ನಾಚಿಕೆ. ದೊಡ್ಡಯ್ಯ ಕೇಳಿದ್ದಕ್ಕೆಲ್ಲ ತಮಿಳಿನಲ್ಲಿ ಉತ್ತರ ಬರುತ್ತಿತ್ತು.

ಅಷ್ಟರಲ್ಲಿ ನಾನು ದೈಹಿಕ ಶಿಕ್ಷಣದ ಕಾಲೇಜು ಸೇರಿದ್ದೆ. ಓಡಲಾಗದವಳು ಓಡಿಸುವುದನ್ನಾದರೂ ಕಲಿಯಲಿ ಎಂದು. ಅಲ್ಲಿನ ಪುಸ್ತಕಗಳಲ್ಲಿ ಏನಿತ್ತು ಅಂತೀರಿ? ಮೊದಲು ಮೈ ಬಿಸಿ ಮಾಡಿಕೊಳ್ಳುವುದು, ಭಾರವನ್ನು ಮೆಲ್ಲಮೆಲ್ಲನೆ ಏರಿಸುವುದು, ಓಡಿದ ಮೇಲೆ ತಣಿಯುವವರೆಗೆ ನಡೆಯುವುದು, ವಾರಕ್ಕೊಂದು ದಿನ ಪೂರ್ತಿ ಬಿಡುವು. ಓದುತ್ತಾ ನನಗೆ ಮೈಯೆಲ್ಲ ಉರಿಯಿತು. ರಜೆಗೆ ಬಂದಾಗ ಪೇಟೆಯ ಮನೆಗೆ ಹೋಗಿ ದೊಡ್ಡಯ್ಯನ ಪಕ್ಕ ಕೂತು ಬಿರುಕು ಬಿಟ್ಟ ಎಲುಬಿನ ಚಿತ್ರ ತೋರಿಸಿದೆ. ಅವರಿಗೆ ಸಮಾಧಾನವಾಗಲಿ ಎಂದೇ, "ಇದು ಹೊರಗಡೆಯಿಂದ ಯಾರಿಗೂ ಗೊತ್ತಾಗಾಕಿಲ್ಲ ದೊಡ್ಡಯ್ಯಾ" ಅಂದೆ. ಅವರು ಚಿತ್ರದ ಮೇಲೆ ಬೆರಳಿಟ್ಟರು.

"ಗೊತ್ತಾಗಿತ್ತು ಪಾಪಾ" ಅಂದರು. "ಎಡಗಾಲು ಹಗೂರಕ್ಕೆ ಇಕ್ತಿದ್ದೆ ನೀನು. ಕಂಡೆ. ಎತ್ತಾಗಿದ್ರೆ ಅವತ್ತೇ ಕಟ್ಟಿ ಹಾಕಿರ್ತಿದ್ದೆ. ಓದಿದವರು ಹೇಳ್ತಾರೆ, ನನಗೇನು ತಿಳೀತದೆ ಅಂತ ಸುಮ್ಕೆ ಕುಂತೆ. ನನ್ನದೇ ತಪ್ಪು."

ನನಗೆ ಬಂದದ್ದು ಸಿಟ್ಟು. ಬೇರೇನೂ ಅಲ್ಲ, ಬರೀ ಸಿಟ್ಟು. ಇಷ್ಟು ವರ್ಷ ನಾನು ಇವರ ಕಣ್ಣು ತಪ್ಪಿಸಿದೆ ಅಂದುಕೊಂಡಿದ್ದೆ, ಇವರು ಕಂಡೂ ಸುಮ್ಮನಿದ್ದರು! ಪುಸ್ತಕ ಮುಚ್ಚಿ ಎದ್ದೆ. ಮರುದಿನ ಬೆಳಗ್ಗೆ ಅವರಿಗೆ ಹೇಳದೆಯೇ ಬಸ್ಸು ಹತ್ತಿದೆ. ಆಮೇಲೆ ಎರಡು ರಜೆ ಊರಿಗೆ ಹೋಗಲಿಲ್ಲ, ಪರೀಕ್ಷೆ ಎಂದೆ, ಕ್ಯಾಂಪು ಎಂದೆ. ಫೋನಿನಲ್ಲಿ ಅಪ್ಪ, ದೊಡ್ಡಯ್ಯ ನಿನ್ನನ್ನು ಕೇಳುತ್ತಿರುತ್ತಾರೆ ಎಂದರೆ ಹ್ಞೂಂ ಅನ್ನುತ್ತಿದ್ದೆ. ಮೂರನೆಯ ರಜೆಗೆ ಮುಂಚೆ ಅವರು ಹೋದ ಸುದ್ದಿ ಬಂತು. ಕೂತಲ್ಲೇ, ಊಟವಾದ ಮೇಲೆ, ಯಾರಿಗೂ ತೊಂದರೆ ಕೊಡದೆ ಹೋಗಿದ್ದರು.

ನಾನು ಊರು ಸೇರುವಷ್ಟರಲ್ಲಿ ಹೂವು ಹೊದಿಸಿ ಮಲಗಿಸಿದ್ದರು. ಸುತ್ತ ಕೂತವರೆಲ್ಲ ತಮಿಳಿನಲ್ಲಿ ಅಳುತ್ತಿದ್ದರು. ನಾನು ದೊಡ್ಡಯ್ಯನ ಕಾಲ ಬಳಿ ಕೂತೆ. ಆವಾಗ ಹೊಳೆಯಿತು. ಅವತ್ತು ತಪ್ಪು ಒಪ್ಪಿಕೊಳ್ಳುವಾಗ ಅವರು ಎಲ್ಲವನ್ನೂ ಹೇಳಿದ್ದರು, ಆ ಸೋಮವಾರ ಅಂಗಳದಲ್ಲಿ ನನ್ನನ್ನು ಕೇಳಿದ್ದೊಂದನ್ನು ಬಿಟ್ಟು. ಕೇಳಿದ್ದರು, ನಾನು ಇಲ್ಲ ಅಂದಿದ್ದೆ. ಮರೆತಿರಲು ಸಾಧ್ಯವೇ ಇಲ್ಲ. ಯಾವ ಎತ್ತು ಯಾವ ವರ್ಷ ಯಾವ ಕಾಲು ಕುಂಟಿತು ಎನ್ನುವುದನ್ನು ಮರೆಯದವರು ಅವರು. ಬೇಕೆಂದೇ ಬಿಟ್ಟಿದ್ದರು. ನಾನೂ ನೆನಪಿಸಲಿಲ್ಲ. ತಪ್ಪೆಲ್ಲ ತಮ್ಮದೇ ಎಂದು ಹೊತ್ತುಕೊಂಡು ಅವರು ಹೋದರು. ನಾನು ಹಾಗೆಯೇ ಹೋಗಲು ಬಿಟ್ಟೆ.