ಅಜ್ಜಿ ಒತ್ತದ ಬಟನ್

ನಮ್ಮಕ್ಕ ವೆಬ್‌ಸೈಟ್ ಮಾಡುವವಳು. ಸೂಜಿಗೆ ದಾರ ಪೋಣಿಸಲೂ ಬಾರದ ಅವಳು ಹೊಲಿಗೆ ಕಲಿಯುವವರಿಗಾಗಿ ಒಂದು ವೆಬ್‌ಸೈಟ್ ಕಟ್ಟಿದ್ದಳು. ಅಲ್ಲಿ ಯಾರು ಬೇಕಾದರೂ ಪ್ರಶ್ನೆ ಕೇಳಬಹುದು, ಬಲ್ಲವರು ಹೇಳಿಕೊಡುತ್ತಾರೆ. ಕೇಳಿದವರು ‘ಉತ್ತರ ಸಿಕ್ಕಿತು’ ಎಂಬ ಬಟನ್ ಒತ್ತಿದರೆ ಆ ಮಾತುಕತೆ ಅಲ್ಲಿಗೆ ಮುಚ್ಚಿಕೊಳ್ಳುತ್ತದೆ. ಅಕ್ಕನಿಗೆ ಅಚ್ಚುಕಟ್ಟು ಅಂದರೆ ಪ್ರಾಣ. ನಾವು ಕೊನೇ ತುತ್ತು ನುಂಗುವ ಮೊದಲೇ ತಟ್ಟೆ ಎತ್ತಿಬಿಡುತ್ತಾಳೆ. ಫೋನಿನಲ್ಲೂ ಎರಡು ಮಾತಾಡಿ ಟಕ್ಕೆಂದು ಇಟ್ಟುಬಿಡುವವರ ಪೈಕಿ.

ಒಬ್ಬ ಅಜ್ಜಿಯ ಪ್ರಶ್ನೆ ಮಾತ್ರ ತಿಂಗಳುಗಟ್ಟಲೆ ತೆರೆದೇ ಇತ್ತು. ದಿಂಬಿನ ಕವರಿನ ಅಂಚು ಬಿಚ್ಚಿಕೊಳ್ಳದಂತೆ ಹೊಲಿಯುವುದು ಹೇಗೆ, ಅಷ್ಟೇ. ಅದರ ಕೆಳಗೆ ಯಾರದೋ ಮೊಮ್ಮಗಳ ಶೀತ, ಇನ್ಯಾರದೋ ಬೆಕ್ಕಿನ ಬಾಣಂತನ, ಎಲ್ಲ ಸೇರಿ ಸಂತೆಯಾಗಿತ್ತು. ಅಕ್ಕನ ತಲೆ ಕೆಟ್ಟುಹೋಯಿತು. ನನ್ನೆದುರೇ ಸೀದಾ ಅಜ್ಜಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿದಳು.

“ಅಜ್ಜಿ, ನಿಮಗಿನ್ನೂ ಉತ್ತರ ಸಿಕ್ಕಿಲ್ವಾ?”

“ಅಯ್ಯೋ, ಅದು ಮೊದಲನೇ ದಿನಾನೇ ಸಿಕ್ತು ಕಣಮ್ಮ. ಕವರ್ ಹೊಲಿದೂ ಆಯ್ತು.”

“ಮತ್ತೆ ಆ ಬಟನ್ ಯಾಕೆ ಒತ್ತಿಲ್ಲ?”

“ಒತ್ತಿದ್ರೆ ಎಲ್ಲರೂ ಎದ್ದು ಹೋಗ್ತಾರಲ್ಲಮ್ಮಾ.”

ಅಕ್ಕ ಕಂಪ್ಯೂಟರನ್ನು ಹತ್ತಿರಕ್ಕೆಳೆದುಕೊಂಡು ಆ ಬಟನ್ನನ್ನೇ ವೆಬ್‌ಸೈಟಿನಿಂದ ಕಿತ್ತುಹಾಕತೊಡಗಿದಳು.

“ನಿಂಗೆ ಕೆಲಸ ಇರುತ್ತೆ, ಫೋನ್ ಇಡಮ್ಮಾ” ಎಂದರು ಅಜ್ಜಿ.

“ಇರಿ ಅಜ್ಜಿ, ನಂದೂ ಒಂದು ಪ್ರಶ್ನೆ ಇದೆ” ಅಂದಳು ಅಕ್ಕ. “ಸೂಜಿಗೆ ದಾರ ಹೇಗೆ ಪೋಣಿಸೋದು?”