ಪ್ರಸಂಗ ಪೀಠದ ಕುಂಟು ಕಾಲು

ಅವನ ನಿಜವಾದ ಹೆಸರು ಚರ್ಚಿನ ದಾಖಲೆ ಪುಸ್ತಕದಲ್ಲಿ ಇದ್ದೀತು. ಊರಿಗೆ ಮಾತ್ರ ಅವನು ಕೂದಲೆಳೆ ಮೇಸ್ತ್ರಿ. ಬಾಗಿಲು ಚೆನ್ನಾಗಿ ಕೂತಿದೆ ಮೇಸ್ತ್ರಿ ಅಂತ ಗಿರಾಕಿ ಹೊಗಳುತ್ತಿದ್ದರೆ, ಇವನು ಚೌಕಟ್ಟಿಗೆ ಕೆನ್ನೆ ಒತ್ತಿ, ಒಂದು ಕಣ್ಣು ಮುಚ್ಚಿ, "ಒಂದು ಕೂದಲೆಳೆ ಹೆಚ್ಚಾಯ್ತು" ಎಂದು ಮತ್ತೆ ಬಾಗಿಲು ಕಳಚುತ್ತಿದ್ದ. ಮನೆಯವರು ಆ ದಿನವೆಲ್ಲ ಬಾಗಿಲಿಲ್ಲದೆ ಕೂರಬೇಕು. ಆದರೂ ಬೈಯುವವರಿಲ್ಲ. ಅವನು ಕೂರಿಸಿದ ಬಾಗಿಲು ಮೂವತ್ತು ವರ್ಷವಾದರೂ ಕಿರುಗುಟ್ಟುತ್ತಿರಲಿಲ್ಲ.

ಅರವತ್ತೆಂಟು ತುಂಬಿದ ಮೇಲೆ ಅವನಿಗೆ ಉಳಿದದ್ದು ಒಂದೇ ಆಸೆ. ಸಾಯುವುದರೊಳಗೆ ಒಂದೇ ಒಂದು ಸಲ, ಕರ್ತ ಕಲಿಸಿದ "ಪರಲೋಕದ ತಂದೆಯೇ" ಎನ್ನುವ ಪ್ರಾರ್ಥನೆಯನ್ನು ಮೊದಲಿನಿಂದ ಕೊನೆಯವರೆಗೆ, ಮನಸ್ಸಿನಲ್ಲಿ ದೇವರೊಬ್ಬನನ್ನೇ ಇಟ್ಟುಕೊಂಡು ಹೇಳಿ ಮುಗಿಸಬೇಕು. ನೋಡಿದರೆ ಅರ್ಧ ನಿಮಿಷದ ಕೆಲಸ. ಮೇಸ್ತ್ರಿಗೆ ಅದು ಆಗುತ್ತಲೇ ಇರಲಿಲ್ಲ.

ಆಗುವುದಾದರೂ ಹೇಗೆ? ಚರ್ಚಿನೊಳಗೆ ಮರದ್ದು ಅನ್ನುವುದೆಲ್ಲ ಅವನದೇ ಕೈಕೆಲಸ. ಬೆಂಚು, ಬಾಗಿಲು, ಕಿಟಕಿ, ಗೋಡೆಯ ಮೇಲಿನ ದೊಡ್ಡ ಶಿಲುಬೆ. ಎಲ್ಲರೂ ಕಣ್ಣು ಮುಚ್ಚಿದಾಗ ಇವನೂ ಮುಚ್ಚುತ್ತಿದ್ದ. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಬಲಗೈ ಬೆಂಚಿನ ಅಡಿಗೆ ಹೋಗಿ ಸಂದುಗಳನ್ನು ತಡವುತ್ತಿತ್ತು. ಮೂರನೆಯ ಸಾಲಿಗೆ ಗೆದ್ದಲು ನೆನಪಾಗುತ್ತಿತ್ತು. "ಆಮೆನ್" ಎನ್ನುವ ಹೊತ್ತಿಗೆ ಅವನು ಮನಸ್ಸಿನಲ್ಲೇ ಅರ್ಧ ಚರ್ಚಿಗೆ ಪಾಲಿಶ್ ಹೊಡೆದು ಮುಗಿಸಿರುತ್ತಿದ್ದ.

ಒಮ್ಮೆ ಮರದ ಸಹವಾಸವೇ ಬೇಡವೆಂದು ಬಸ್ ನಿಲ್ದಾಣಕ್ಕೆ ಹೋಗಿ ಕೂತ. ಕಬ್ಬಿಣದ ಕುರ್ಚಿ, ಸಿಮೆಂಟು ನೆಲ, ತಗಡಿನ ಮಾಡು. ಹುಡುಕಿದರೂ ಒಂದು ಚಕ್ಕೆ ಮರವಿಲ್ಲ. ಖುಷಿಯಾಗಿ ಕಣ್ಣು ಮುಚ್ಚಿದ. ಕುರ್ಚಿ ಕೊಂಚ ಅಲ್ಲಾಡಿತು. ಅಷ್ಟೇ ಸಾಕಾಯಿತು. ಒಂದು ಗಂಟೆ ಬಿಟ್ಟು ಮನೆಗೆ ಬಂದಾಗ ಕೈಯೆಲ್ಲ ತುಕ್ಕು.

ಹೆಂಡತಿ ಆ ಕೈಯನ್ನು ನೋಡಿದಳು. "ದೇವರನ್ನ ಹುಡುಕ್ಕೊಂಡು ಹೋದವರು ಸ್ಕ್ರೂ ಬಿಗಿ ಮಾಡಿ ಬಂದ್ರಾ?"

"ಸಡಿಲ ಆಗಿತ್ತು ಕಣೇ."

"ಹುಟ್ಟು ಗುಣ ಸುಟ್ಟರೂ ಹೋಗಲ್ಲ ಅಂತಾರಲ್ಲ, ನಿಮ್ಮನ್ನ ನೋಡೇ ಹೇಳಿರಬೇಕು," ಎಂದು ಅವಳು ಸೋಪು ಮುಂದೆ ತಳ್ಳಿದಳು.

ಅವನು ನಗಲಿಲ್ಲ. ಅವನಿಗೆ ನಿಜವಾಗಿಯೂ ಹೆದರಿಕೆಯಿತ್ತು. ನಾಳೆ ದೇವರೆದುರು ನಿಂತಾಗ, "ನನಗಿಂತ ಮರವೇ ನಿನಗೆ ಹೆಚ್ಚಾಯಿತಲ್ಲಪ್ಪ" ಎಂದು ಅವನು ಕೇಳಿದರೆ ಏನು ಹೇಳುವುದು? ಈ ಮಾತನ್ನು ಹೊಸದಾಗಿ ಬಂದ ಪಾದ್ರಿ ಅಯ್ಯನವರ ಹತ್ತಿರ ಹೇಳಿಕೊಂಡಾಗ ಅವರು, "ಕರ್ತನೂ ಬಡಗಿ ಮನೇಲೇ ಬೆಳೆದೋನಲ್ವಾ ಮೇಸ್ತ್ರಿ" ಎಂದು ಬೆನ್ನು ತಟ್ಟಿದರು. ಹಿಂದಿನ ಅಯ್ಯನವರೂ ಇದನ್ನೇ ಹೇಳಿದ್ದರು, ಅವರ ಹಿಂದಿನವರೂ ಇದನ್ನೇ. ಮೇಸ್ತ್ರಿ ತಲೆಯಾಡಿಸಿ ಹೊರಟು ಬಂದ.

ಎಲ್ಲಕ್ಕಿಂತ ಹೆಚ್ಚಾಗಿ ಅವನನ್ನು ತಿನ್ನುತ್ತಿದ್ದದ್ದು ಪ್ರಸಂಗ ಪೀಠ. ಅಯ್ಯನವರು ನಿಂತು ಉಪದೇಶ ಮಾಡುವ ಆ ಪೀಠದ ನಾಲ್ಕು ಕಾಲುಗಳಲ್ಲಿ ಒಂದು ಗಿಡ್ಡ. ಗರಗಸದ ಹಲ್ಲಿನ ದಪ್ಪದಷ್ಟು ಗಿಡ್ಡ, ಹೆಚ್ಚಿಲ್ಲ. ಬಡಗಿಯಾದವನು ಸೀಸದ ಗೆರೆ ಎಳೆದ ಮೇಲೆ ಗೆರೆಯ ಆಚೆ, ಬಿಸಾಡುವ ತುಂಡಿನ ಕಡೆಗೆ ಗರಗಸ ಹಾಕಬೇಕು. ಇಪ್ಪತ್ತೆರಡು ವರ್ಷದ ಹಿಂದೆ ಕೂದಲೆಳೆ ಮೇಸ್ತ್ರಿ, ಕೆಲಸಕ್ಕೆ ಹೊಸದಾಗಿ ಸೇರಿದವನೂ ಮಾಡದಂತೆ, ಗೆರೆಯ ಈಚೆ, ಕಾಲಿನ ಕಡೆಗೇ ಕೊಯ್ದಿದ್ದ. ಮರುದಿನವೇ ಪೀಠದ ಪ್ರತಿಷ್ಠೆ. ಬೇರೆ ಮರವಿಲ್ಲ. ಕಾಲಿನಡಿಗೆ ತೆಳ್ಳನೆಯ ಬೆಣೆಯೊಂದನ್ನು ಅಂಟಿಸಿ ಬಾಯಿ ಮುಚ್ಚಿಕೊಂಡಿದ್ದ. ಅಂದಿನಿಂದ ಅವನು ಒಂದು ಪ್ರಸಂಗವನ್ನೂ ಕೇಳಿಲ್ಲ, ಕೇಳಿದ್ದೆಲ್ಲ ಆ ಬೆಣೆಯನ್ನೇ.

ಹೊಸ ಅಯ್ಯನವರದು ಪೀಠ ಗುದ್ದಿ ಹೇಳುವ ಸ್ವಭಾವ. ಒಂದು ಭಾನುವಾರ ಗುದ್ದಿದ ರಭಸಕ್ಕೆ ಬೆಣೆ ಹಾರಿತು, ಪೀಠ "ಟಕ್" ಎಂದು ವಾಲಿತು, ಸಭೆಯೆಲ್ಲ ತಿರುಗಿ ಮೇಸ್ತ್ರಿಯನ್ನು ನೋಡಿತು. ಅವನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಮರುದಿನ ಬೆಳಿಗ್ಗೆ ಹೊಸ ಕಾಲೊಂದನ್ನು ಕೀಸಿ ನುಣುಪು ಮಾಡಿ, ಹೆಂಡತಿಯನ್ನೂ ಕರೆದುಕೊಂಡು ಹೋದ. ಖಾಲಿ ಚರ್ಚಿನಲ್ಲಿ ಅವಳು ಪೀಠದ ಒಂದು ಬದಿಯನ್ನು ಎತ್ತಿ ಹಿಡಿದಳು. ಇವನು ನೆಲದ ಮೇಲೆ ಮಲಗಿ ಗಿಡ್ಡ ಕಾಲಿನ ತುದಿಯನ್ನು ಹೆಬ್ಬೆರಳಲ್ಲಿ ಸವರಿದ.

"ನನ್ನ ಜೀವಮಾನದ ಅವಮಾನ ಕಣೇ ಇದು. ದೇವರ ಕೆಲಸದಲ್ಲೇ ಗೆರೆ ತಪ್ಪಿದೆ. ಅವತ್ತು ಮನಸ್ಸು ಎಲ್ಲಿ ಹಾಳಾಗಿ ಹೋಗಿತ್ತೋ!"

"ಎಲ್ಲಿ ಹೋಗಿತ್ತು ಅಂತ ನಂಗೊತ್ತು," ಎಂದಳು ಅವಳು ಮೇಲಿನಿಂದ.

ಅವನು ಮಲಗಿದಲ್ಲೇ ಕತ್ತು ಹೊರಳಿಸಿದ.

"ಅವತ್ತು ಮಧ್ಯಾಹ್ನ ನಿಮಗೆ ಊಟ ತಂದಿದ್ದೆ. ಬಾಗಿಲಲ್ಲೇ ನಿಂತೆ. ನೀವು ಗರಗಸ ಕೈಯಲ್ಲಿ ಹಿಡ್ಕೊಂಡು, ಕಣ್ಣು ಮುಚ್ಕೊಂಡು, ಅಪ್ಪಾ ಅಪ್ಪಾ ಅಂತಿದ್ರಿ. ಕಣ್ಣಲ್ಲಿ ನೀರು ಬೇರೆ. ಎಷ್ಟು ಹೊತ್ತೋ ಏನೋ, ಊಟ ಆರಿಹೋಯ್ತು. ಆಮೇಲೆ ಕಣ್ಣು ಬಿಟ್ಟು, ಅದೇ ಗುಂಗಲ್ಲಿ ಗರಗಸ ಹಾಕಿದ್ರಿ. ತಪ್ಪು ಕಡೆ."

ಮೇಸ್ತ್ರಿಗೆ ಅದು ನೆನಪೇ ಇರಲಿಲ್ಲ. ಅವನಿಗೆ ನೆನಪಿದ್ದದ್ದು ಕಾಲು ಗಿಡ್ಡವಾದದ್ದು ಮಾತ್ರ.

"ಮತ್ತೆ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

ಅವಳು ಪೀಠವನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. "ಹೊಟ್ಟೆಕಿಚ್ಚು ರೀ. ಆ ಮುಖ ನೀವು ಮದುವೆ ದಿನವೂ ನನ್ನ ಕಡೆ ಮಾಡಿರಲಿಲ್ಲ. ಕರೆಯೋಣ ಅಂತಾನೂ ಬಾಯಿಗೆ ಬಂತು. ಕರೆದಿದ್ರೆ ಕಾಲು ಸರಿಯಾಗೇ ಬರ್ತಿತ್ತೋ ಏನೋ. ಕರೀಲಿಲ್ಲ." ಆಮೇಲೆ ಎಂದಿನ ದನಿಯಲ್ಲಿ, "ಬೇಗ ಏಳಿ, ಕೈ ನೋಯ್ತಿದೆ," ಎಂದಳು.

ಮೇಸ್ತ್ರಿ ಎದ್ದು ಕೂತ. ಚರ್ಚಿನಲ್ಲಿ ಕೂತಾಗ ಮನಸ್ಸು ಮರಕ್ಕೆ ಓಡುತ್ತದೆ ಎಂದು ಇಷ್ಟು ವರ್ಷ ಕೊರಗಿದ್ದ. ಮರದ ಮುಂದೆ ನಿಂತಾಗ ಅದು ಯಾರ ಹತ್ತಿರ ಓಡುತ್ತಿತ್ತು ಎಂದು ಒಮ್ಮೆಯೂ ನೋಡಿಕೊಂಡಿರಲಿಲ್ಲ. ಹೊಸ ಕಾಲನ್ನು ಚೀಲಕ್ಕೆ ಹಾಕಿ, ಮೂಲೆಗೆ ಹಾರಿಬಿದ್ದಿದ್ದ ಹಳೆಯ ಬೆಣೆಯನ್ನೇ ಹುಡುಕಿ ತಂದು ಅಂಟಿಸಿದ.

"ಮತ್ತೆ ಹಾರುತ್ತೆ ಅದು," ಎಂದಳು ಹೆಂಡತಿ.

"ಹಾರ್ಲಿ ಬಿಡು."

ಮುಂದಿನ ಭಾನುವಾರ ಅಯ್ಯನವರು ಗುದ್ದಿದರು. ಪೀಠ "ಟಕ್" ಎಂದಿತು. ಸಭೆ ತಿರುಗಿ ನೋಡಿತು. ಮೇಸ್ತ್ರಿ ಕಣ್ಣು ಮುಚ್ಚಿ ಕೂತಿದ್ದ, ಎರಡೂ ಕೈ ಮಡಿಲಲ್ಲಿದ್ದವು. ಪ್ರಸಂಗ ಮುಗಿಯಿತು, ಪ್ರಾರ್ಥನೆ ಮುಗಿಯಿತು, ಹಾಡಿಗೆಂದು ಎಲ್ಲರೂ ಎದ್ದು ನಿಂತರು. ಅವನೊಬ್ಬ ಇನ್ನೂ ಕೂತೇ ಇದ್ದ, ತುಟಿ ಮಾತ್ರ ಅಲ್ಲಾಡುತ್ತಿತ್ತು. ಹಿಂದಿನ ಬೆಂಚಿನವರು ಅವನನ್ನು ಎಬ್ಬಿಸುವಂತೆ ಹೆಂಡತಿಗೆ ಸನ್ನೆ ಮಾಡಿದರು. ಅವಳು ಬಗ್ಗಿ ಅವನ ಮುಖ ನೋಡಿದಳು. ಈ ಸಲವೂ ಅವಳು ಕರೆಯಲಿಲ್ಲ.